ಒಬ್ಬಳ ಅಡುಗೆಗೆ ಎಷ್ಟು ದೊಡ್ಡ ಪಾತೇಲಿ ಬೇಕು?

ಕಳೆದ ಭಾನುವಾರ ದುರ್ಗದಬೈಲಿನ ಪಾತ್ರೆ ಅಂಗಡಿಯಲ್ಲಿ ನಮ್ಮತ್ತೆ ಅರ್ಧ ಗಂಟೆ ತುಟಿ ಪಿಟಕ್ ಎನ್ನದೆ ಕೂತಿದ್ದರು.

ಅವರನ್ನು ಬಲ್ಲವರಿಗೆ ಗೊತ್ತು, ಇದು ಸಣ್ಣ ಸುದ್ದಿಯಲ್ಲ. ಕೊತ್ತಂಬರಿ ಕೊಳ್ಳುವಾಗಲೂ ಮಾರುವವಳ ಮನೆತನದ ಕಥೆ ಕೇಳಿಕೊಂಡು ಬರುವ ಜೀವ ಅದು.

ಸಿಟ್ಟು ಮಗಳ ಮೇಲೆ. ನನ್ನ ನಾದಿನಿ ಶೈಲಾ ಧಾರವಾಡದಲ್ಲಿ ಹೈಸ್ಕೂಲ್ ಟೀಚರ್. ಮದುವೆ ಬೇಡ ಎಂದು ಎಂದೋ ಹೇಳಿಯಾಗಿತ್ತು. ಈಗ ಶಾಲೆಯ ಹತ್ತಿರವೇ ಬಾಡಿಗೆ ಮನೆ ಹಿಡಿದಿದ್ದಾಳೆ... ಒಬ್ಬಳೇ ಇರಲು.

"ಲಗ್ನಾ ಆಗಿ ಹೋಗಿದ್ರ ಹತ್ತ ಸಲ ಬರ್ತಿದ್ನಿ. ಹಿಂಗ ಹೋಗೂ ಮನಿಗೆ ನಾ ಕಾಲ ಇಡಂಗಿಲ್ಲ" ಎಂದುಬಿಟ್ಟಿದ್ದರು ಅತ್ತೆ.

ಆವತ್ತಿನಿಂದ ಶೈಲಾಳ ಮುಖದಲ್ಲಿ ಕಳೆಯಿರಲಿಲ್ಲ. ಅವ್ವ ಬಾರದ ಮನೆ ಅವಳಿಗೆ ಮನೆ ಅನ್ನಿಸುವುದಾದರೂ ಹೇಗೆ?

ಮತ್ತೆ ಆ ಮನೆಗೆ ಪಾತ್ರೆ ಕೊಳ್ಳಲು ಹೊರಟ ನನ್ನ, ಶೈಲಾಳ ಜೊತೆ ಅಂಗಡಿಗೆ ಯಾಕೆ ಬಂದರು ಅಂತೀರಾ? "ನಿಮ್ಮಿಬ್ಬರಿಗೂ ಬಾಂಡೆ ಸಾಮಾನದಾಗ ಏನೂ ತಿಳಿಯಂಗಿಲ್ಲ" ಅಂತ! ಸಿಟ್ಟು ಬೇರೆ, ಸ್ಟೀಲ್ ಬೇರೆ.

ನಾನೋ ಯೂಟ್ಯೂಬ್ ಪಂಡಿತೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ತಳಕ್ಕೆ ಅದು ಅಂಟಿದರೆ ಇಂಡಕ್ಷನ್ ಒಲೆಗೂ ಆಗುತ್ತದಂತೆ.

ಆಫರ್‌ನಲ್ಲಿದ್ದ ಒಂದು ಪುಟ್ಟ ಸೆಟ್‌ಗೆ ಅಂಟಿತು. ಮೂರು ಪಾತ್ರೆ, ಗಾಜಿನ ಮುಚ್ಚಳ, ಫಳಫಳ ಹೊಳಪು. ಒಬ್ಬಳಿಗೆ ಸಾಕು, ಬಜೆಟ್ಟಿಗೂ ಸರಿ. ಪ್ಯಾಕ್ ಮಾಡಿ ಎಂದೆವು.

ಅಲ್ಲಿಗೆ ಅತ್ತೆಯ ತಾಳ್ಮೆ ಮುಗಿಯಿತು. ಎದ್ದು ಬಂದವರೇ ಪಾತ್ರೆಯನ್ನು ಕೈಯಲ್ಲಿ ತೂಗಿದರು, ತಳ ಒತ್ತಿದರು, ಕಂಠದ ಸುತ್ತ ಬೆರಳಾಡಿಸಿದರು.

"ತಳಾ ಹಪ್ಪಳ ಇದ್ದಂಗ ಐತಿ. ಹಾಲ ಇಟ್ರ ಹಿಡದ ಬಿಡ್ತೈತಿ. ಸೆಟ್ ಬ್ಯಾಡ್ರಿ, ಬಿಡಿ ಸಾಮಾನ ತೋರಸ್ರಿ."

ಒಲೆ ಏರುವುದಕ್ಕೆ ದಪ್ಪ ತಳದ್ದು, ತೆಗೆದಿಡುವುದಕ್ಕೆ ತೆಳುವಾದದ್ದು. ಇದು ಅವರ ಲೆಕ್ಕ. ಹಾಲಿನ ಪಾತ್ರೆ ಬಂತು, ಕಡಾಯಿ ಬಂತು, ನಮ್ಮ ಬಜೆಟ್ಟೂ ಮೀರಲಿಲ್ಲ.

ಆಮೇಲೆ ಮೇಲಿನ ಹಲಗೆಗೆ ಕೈ ತೋರಿಸಿ ಒಂದು ಭಾರೀ ಪಾತೇಲಿ ಇಳಿಸಿಕೊಂಡರು.

"ಅವ್ವಾ, ನಾ ಒಬ್ಬಾಕಿ. ಇಷ್ಟ ದೊಡ್ಡದ್ರಾಗ ಏನ್ ಕುದಸ್ಲಿ?" ಎಂದಳು ಶೈಲಾ.

ಅತ್ತೆ ತಲೆ ಎತ್ತಲಿಲ್ಲ. ಪಾತೇಲಿಯ ಒಳಗನ್ನೇ ನೋಡುತ್ತ ಅಂದರು...

"ನಾವೆಲ್ಲಾ ಬಂದ್ರ ಸಾರ ಎದರಾಗ ಮಾಡ್ತಿ?"

ಶೈಲಾ ತಾನು ಆರಿಸಿಟ್ಟಿದ್ದ ಒಂದೇ ಒಂದು ತಾಟನ್ನು ಅಂಗಡಿಯವರಿಗೆ ವಾಪಸ್ ಕೊಟ್ಟಳು. "ಕಾಕಾ, ಮನಿಮಂದಿಗೆಲ್ಲಾ ಆಗೂವಷ್ಟ ಕೊಡ್ರಿ" ಅಂದಳು.

ನನಗೆ ಕಣ್ಣು ತುಂಬಿ ಬಂತು. ಏನೋ ಹುಡುಕುವ ನೆವದಲ್ಲಿ ಪರ್ಸಿನೊಳಗೆ ತಲೆ ಹಾಕಿದೆ.

ಇವತ್ತು ಎಲ್ಲರೂ ಶೈಲಾ ಮನೆಯಲ್ಲಿದ್ದೇವೆ. ಪಾತೇಲಿಯಲ್ಲಿ ಸಾರು ಕುದಿಯುತ್ತಿದೆ. ಅತ್ತೆ ಮಗಳ ಕೈಯಿಂದ ಸೌಟು ಕಿತ್ತುಕೊಂಡು "ಸರಿ ಆಚೆ, ಉಪ್ಪ ಕಡಿಮಿ ಆಗೇತಿ" ಎನ್ನುತ್ತಿದ್ದಾರೆ. ಬೈಸಿಕೊಳ್ಳುತ್ತ ನಿಂತ ಶೈಲಾಳ ಮುಖ ನೋಡಬೇಕು ನೀವು!

ನಿಮ್ಮ ಮನೆಯ ಹಿರಿಯರು ಸಿಟ್ಟು ಇಳಿದದ್ದನ್ನು ಬಾಯಿಬಿಟ್ಟು ಹೇಳುತ್ತಾರಾ, ಅಥವಾ ನೀವೂ ಹೀಗೆ ಪಾತ್ರೆಯ ಅಳತೆ ನೋಡಿಯೇ ತಿಳಿದುಕೊಳ್ಳಬೇಕಾ?