ಗೂಡಿನಲ್ಲಿ ನಾನಿಟ್ಟ ಕೀಲಿಕೈ

ಶಾಂತವ್ವ ಉಸಿರುಗಟ್ಟಿ ಸತ್ತ ದಿನ ಹಿಂಬಾಗಿಲಿನ ಕೀಲಿಕೈ ನನ್ನ ಕಿಸೆಯಲ್ಲಿತ್ತು. ಆಕೆ ಸತ್ತ ಮೇಲೆ ಅದನ್ನು ಆ ಬಾಗಿಲ ಬದಿಯ ಒಳಗೋಡೆಯ ಗೂಡಿನಲ್ಲಿಟ್ಟವನು ನಾನು.

ನಿಪ್ಪಾಣಿಯ ಆ ತಂಬಾಕಿನ ಕಾರ್ಖಾನೆಯಲ್ಲಿ ನಾನು ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮನಾಗಿದ್ದೆ. ಅವರು ಮೂಗಿಗೆ ಸೆರಗು ಕಟ್ಟಿಕೊಂಡು ಜರಡಿಯಲ್ಲಿ ತಂಬಾಕು ಸಾಣಿಸುತ್ತಿದ್ದರು. ಪುಡಿ ಹಾರೀತೆಂದು ಕಿಟಕಿ ತೆರೆಯುವಂತಿರಲಿಲ್ಲ. ಅಂದು ಊರಿನ ತಂಬಾಕು ಕೆಲಸದ ಹೆಂಗಸರೆಲ್ಲ ಮೋರ್ಚಾ ಹೊರಟಿದ್ದರು. ನಮ್ಮವರು ಹೋಗಕೂಡದೆಂದು ಮಾಲಕರ ಅಪ್ಪಣೆ. ಹಿಂಬಾಗಿಲಿಗೆ ಒಳಗಿನಿಂದ ಕೀಲಿ ಜಡಿದೆ, ಮುಂಬಾಗಿಲಿಗೆ ಹೊರಗಿನಿಂದ.

ಮಧ್ಯಾಹ್ನ ಒಳಗಿನಿಂದ ಮುಂಬಾಗಿಲು ಬಡಿಯತೊಡಗಿದರು. ಶಾಂತವ್ವನ ಜೊತೆ ಜರಡಿ ಹಿಡಿಯುತ್ತಿದ್ದ ಮಾಲನಬಿಯ ದನಿ.

“ಮುಕಾದಮರ, ಬಾಗಲಾ ತಗೀರಿ! ಶಾಂತಾಗ ಉಸರ ಸಿಗವಲ್ದರಿ!”

ಮೋರ್ಚಾಕ್ಕೆ ಹೋಗುವ ನೆಪ ಎಂದುಕೊಂಡೆ. “ಸುಮ್ನ ಕೆಲಸಾ ಮಾಡ್ರಿ” ಎಂದೆ. ಬಡಿತ ನಿಂತಾಗ — ಹೇಗೆ ಹೇಳಲಿ — ನನಗೆ ಹಾಯೆನಿಸಿತು.

ಸಂಜೆ ಬಾಗಿಲು ತೆರೆದಾಗ ಶಾಂತವ್ವ ಮಾಲನಬಿಯ ತೊಡೆಯ ಮೇಲಿದ್ದಳು. ತುಟಿ ನೀಲಿಗಟ್ಟಿತ್ತು. ಎಲ್ಲರೂ ಆಕೆಯನ್ನು ಹೊರಗೆ ಹೊತ್ತೊಯ್ಯುವ ಗದ್ದಲದಲ್ಲಿ ನಾನು ಹಿಂದೆ ಉಳಿದೆ. ಆಮೇಲೆ ಜನರ ಮುಂದೆ ಹೇಳಿದೆ — “ಹಿಂಬಾಗಲದ ಕೀಲಿಕೈ ಗೂಡಿನಾಗ ಇಟ್ಟೇನಿ ಅಂತ ಮುಂಜಾನೆನ ಮಾಲನಬಿಗೆ ಹೇಳಿದ್ದೆ.” ಹೋಗಿ ನೋಡಿದರು. ಕೀಲಿಕೈ ಅಲ್ಲೇ ಇತ್ತು.

ಮಾಲನಬಿ ಆ ಕೀಲಿಕೈಯನ್ನೇ ದಿಟ್ಟಿಸಿದಳು. ಕೆಲವೇ ದಿನಗಳಲ್ಲಿ ಊರು ಬಿಟ್ಟು, ಅಕ್ಕೋಳ ಹಳ್ಳಿಯ ತಮ್ಮನ ಮನೆ ಸೇರಿದಳು.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ ಪಾಳು ಬಿದ್ದಿತ್ತು. ಈಗ ಅಲ್ಲಿ ಚಿತ್ರಕಾರರ ಸ್ಟುಡಿಯೋಗಳಿವೆ. ಸುಣ್ಣ ಬಳಿದಿದ್ದಾರೆ, ಕಿಟಕಿಗಳೆಲ್ಲ ತೆರೆದಿವೆ. ಕಟ್ಟಡದ ಕಥೆ ಹೇಳೆಂದು ನನ್ನನ್ನು ಕರೆಸಿದ್ದರು. ತಂಬಾಕಿನ ಘಾಟು, ಲಾರಿಗಳ ಸಾಲು, ಮಾಲಕರ ದರ್ಬಾರು — ಹೇಳುತ್ತಲೇ ಹೋದೆ. ಒಬ್ಬ ಹುಡುಗಿ ಕೇಳಿದಳು, “ಅಜ್ಜಾರ, ಇಲ್ಲಿ ದುಡದಾವ್ರು ಯಾರರ ಅದಾರೇನ್ರಿ?”

“ಯಾರೂ ಇಲ್ಲವ್ವಾ” ಎಂದೆ. ಆಗ ಕೇಳಿಸಿತು — ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಬಣ್ಣ ಕಲಸುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ. ಮನೆಗೆ ಬಂದರೂ ಅದು ನಿಲ್ಲಲಿಲ್ಲ.

ಮರುದಿನ ಅಕ್ಕೋಳಕ್ಕೆ ಹೋದೆ. ಮಾಲನಬಿ ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಬೈಯಬಹುದು, ಕಲ್ಲೆತ್ತಬಹುದು — ಅದನ್ನೇ ಬಯಸಿ ಹೋಗಿದ್ದೆನೋ ಏನೋ.

ಆಕೆ ಕಟ್ಟೆಯ ಮೇಲೆ ನನ್ನತ್ತ ತಿರುಗಿ ಕುಳಿತಳು.

“ಜರಡಿ ಸಪ್ಪಳದಾಗ ನಿಮ್ಮ ಮಾತು ನನಗ ಕೇಳಿಸಿರ್ಲಿಲ್ಲೇನೋ ಅಂತ ತಿಳಕೊಂಡಿದ್ನಿರಿ. ಶಾಂತಾನ ನಾನ ಕೊಂದೆ ಅಂತ… ಇಲ್ಲೀತನಾ.”

ಸುಳ್ಳು ಊರಿಗಷ್ಟೇ ಹೇಳಿದ್ದೆನೆಂದು ತಿಳಿದಿದ್ದೆ. ಆಕೆಯೂ ಅದನ್ನು ನಂಬಿದ್ದಳು.

“ಶಾಂತಾನ ಮಗಳ್ನ ರಾಯಬಾಗಕ್ಕ ಕೊಟ್ಟಾರ” ಎಂದಳು. “ನನ್ನ ಮಾರಿ ಸುದ್ಧಾ ನೋಡೂದಿಲ್ಲ ಆಕಿ. ಅಲ್ಲಿ ಬಂದು ಹೇಳ್ತೀರೇನು?”

“ಹೇಳ್ತೇನಿ” ಎಂದೆ.

ಆಕೆ ಸೆರಗು ತಲೆಯ ಮೇಲೆಳೆದುಕೊಂಡು, ಗೋಡೆ ಹಿಡಿದು ಎದ್ದಳು. ಕೈ ಚಾಚಿದೆ, ಹಿಡಿಯಲಿಲ್ಲ. ಬಸ್ ನಿಲ್ದಾಣದವರೆಗೂ ಆಕೆ ಮುಂದೆ ನಡೆದಳು, ನಾನು ಹಿಂದೆ.