ನಂಬರಿಲ್ಲದ ಗುರುತು
ಎಂಬತ್ತರ ದಶಕದ ಆರಂಭದಲ್ಲಿ ನಾನು ಪುತ್ತೂರಿನ ಒಂದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗಿರಾಕಿಗಳು ಏನು ಕೇಳಿದರೂ ಉತ್ತರ ಕೊಡಬಲ್ಲೆ ಎಂಬ ಜಂಬ ಆಗ ನನಗೆ ಸಾಕಷ್ಟಿತ್ತು.

ಒಂದು ಮಧ್ಯಾಹ್ನ ಧಣಿಗಳು ಊಟಕ್ಕೆ ಹೋಗಿದ್ದಾಗ ಕಡಬದ ಕಡೆಯಿಂದ ಒಬ್ಬ ಹೆಂಗಸು ಬಂದರು. ಕೇರಳದಿಂದ ಬಂದು ರಬ್ಬರ್ ತೋಟ ಮಾಡಿಕೊಂಡ ಮನೆಯವರು, ವಯಸ್ಸು ಅರವತ್ತರ ಹತ್ತಿರ. ಅವರಿಗೊಂದು ಇಸ್ತ್ರಿಪೆಟ್ಟಿಗೆ ಬೇಕಿತ್ತು. ಒಂದನ್ನು ತೆಗೆದು ಮೇಜಿನ ಮೇಲಿಟ್ಟು, ಅವರು ಕೇಳುವ ಮೊದಲೇ, "ಐಎಸ್‌ಐ ಗುರುತು ಉಂಟಮ್ಮ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದರು.

"ಮೋನೇ, ನಂಬರ್ ಎಲ್ಲಿ?" ಮಗನೇ ಎನ್ನುವುದನ್ನು ಅವರು ಮಲಯಾಳದಲ್ಲೇ ಹೇಳಿದರು.

"ಎಂತ ನಂಬರ್?"

ಹಿಂದಿನ ವರ್ಷ ಅವರ ಸೊಸೆಗೆ ಮನೆಯ ಇಸ್ತ್ರಿಪೆಟ್ಟಿಗೆಯಿಂದ ಶಾಕ್ ಹೊಡೆದಿತ್ತಂತೆ. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಆ ಪೆಟ್ಟಿಗೆಯ ಮೇಲೂ ಐಎಸ್‌ಐ ಎಂಬ ಅಕ್ಷರಗಳಿದ್ದವು, ನಂಬರು ಮಾತ್ರ ಇರಲಿಲ್ಲ. ಆಮೇಲೆ ಊರಿನ ವಯರ್‌ಮನ್ ಹೇಳಿಕೊಟ್ಟನಂತೆ: ಅಸಲಿ ಗುರುತಿನ ಮೇಲ್ಗಡೆ ಆ ಸಾಮಾನಿನ ಮಾನದಂಡದ ನಂಬರು, ಕೆಳಗಡೆ ತಯಾರಿಸಿದವರ ಲೈಸೆನ್ಸ್ ನಂಬರು ಇರಬೇಕು.

"ಅಕ್ಷರ ಯಾರು ಬೇಕಾದ್ರೂ ಅಚ್ಚು ಹಾಕ್ಬಹುದು," ಎಂದರು ಅವರು. "ನಂಬರ್ ಇದ್ದರೆ ಯಾರದ್ದು ಅಂತ ಹುಡುಕ್ಲಿಕ್ಕೆ ಆಗ್ತದೆ."

ನನಗೆ ನಾಚಿಕೆಯಾಯಿತು. ಕಪಾಟಿನಲ್ಲಿದ್ದ ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಇಳಿಸಿದೆ. ಅವರು ಸ್ಟೂಲಿನ ಮೇಲೆ ಕೂತು, ನಾನು ತರಿಸಿದ ಚಹಾ ಕುಡಿಯುತ್ತ, ಒಂದೊಂದನ್ನೇ ಪರೀಕ್ಷಿಸಿ ನಂಬರಿದ್ದದ್ದು, ಇಲ್ಲದ್ದು ಎಂದು ಎರಡು ಸಾಲು ಮಾಡಿದರು. ಅಷ್ಟರಲ್ಲಿ ಧಣಿಗಳು ಬಂದರು.

"ಎಂತ ಮಾರಾಯ, ಅಂಗಡಿ ಖಾಲಿ ಮಾಡುದಾ?"

ನಾನು ವಿಷಯ ಹೇಳಿದೆ. ಧಣಿಗಳು ಮೊದಲು ಮುಖ ಗಂಟಿಕ್ಕಿಕೊಂಡರು. ಆಮೇಲೆ ತಾವೇ ಒಂದನ್ನು ಬೆಳಕಿಗೆ ಹಿಡಿದು ನೋಡಿದರು, ಇನ್ನೊಂದನ್ನು ನೋಡಿದರು. ಕೊನೆಗೆ ಹೋಲ್ಡರು, ಸ್ವಿಚ್ಚುಗಳ ಡಬ್ಬಿಗಳೂ ಕೆಳಗಿಳಿದವು. ಮೂವರೂ ಸೇರಿ ಹುಡುಕುತ್ತಿದ್ದಾಗ ಕಡಬದ ಬಸ್ಸು ಹೋಗಿಯೇ ಬಿಟ್ಟಿತು. ಅಮ್ಮ ಬೇಸರಪಡಲಿಲ್ಲ, "ಇನ್ನೊಂದು ಬಸ್ಸು ಉಂಟಲ್ಲ" ಎಂದು ಮತ್ತೊಂದು ಡಬ್ಬಿ ಬಿಚ್ಚಿದರು. ಸಂಜೆ ಹೊರಡುವಾಗ ಎರಡೂ ನಂಬರಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಒಯ್ದರು.

ಮುಂದಿನ ವಾರ ಮಾಲು ಹಾಕುವ ಏಜೆಂಟ್ ಮಂಗಳೂರಿನಿಂದ ಬಂದ. ಧಣಿಗಳು ನಂಬರಿಲ್ಲದ ಸಾಮಾನನ್ನೆಲ್ಲ ಅವನ ಮುಂದಿಟ್ಟರು.

"ಎಲ್ಲ ಒಂದೇ ಸಾರ್, ಜನ ಅಷ್ಟೆಲ್ಲ ನೋಡುದಿಲ್ಲ," ಎಂದ ಅವನು.

"ನೋಡ್ತಾರೆ ಮಾರಾಯ್ರೆ," ಎಂದರು ಧಣಿಗಳು ಗಂಭೀರವಾಗಿ. "ಕಡಬದಿಂದ ಬಸ್ಸು ಹತ್ತಿ ಬಂದು ನೋಡ್ತಾರೆ."

ಏಜೆಂಟ್ ಎಲ್ಲವನ್ನೂ ವಾಪಸು ಒಯ್ಯಲು ರಟ್ಟಿನ ಪೆಟ್ಟಿಗೆಗೆ ತುಂಬಿಸತೊಡಗಿದ. ನಾನು ಹಗ್ಗ ತಂದುಕೊಟ್ಟೆ.