ಇಂಗ್ಲಿಷ್ ಮನೆಯ ಚಕ್ಕುಬಂದಿ

ಸಿಯಾಟಲ್ ಹತ್ತಿರದ ಡುವಾಲ್‌ನಲ್ಲಿ ಆ ಮನೆಯನ್ನು ಎಲ್ಲರೂ ಇಂಗ್ಲಿಷ್ ಮನೆ ಅಂತಲೇ ಕರೆಯುತ್ತಿದ್ದರು. ಇಂಗ್ಲೆಂಡಿನಿಂದ ಬಂದವನೊಬ್ಬ ಯಾವ ಕಾಲದಲ್ಲೋ ತನ್ನ ಊರಿನ ಮಾದರಿಯಲ್ಲೇ ಕಟ್ಟಿಸಿದ್ದನಂತೆ. ಕಡಿದಾದ ಸೂರು, ಬಿಳಿ ಗೋಡೆ, ಅದರ ಮೇಲೆ ಕಪ್ಪು ಮರದ ಪಟ್ಟಿಗಳು. ನನ್ನ ಗಂಡ ಅದನ್ನು ದೊರೆ ಬಂಗಲೆ ಎಂದು ಗೇಲಿ ಮಾಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಸ್ನೊಕ್ವಾಲ್ಮಿಯ ಹೊಸ ಬಡಾವಣೆಯ ಮನೆ. ಅವರ ಆಫೀಸಿನ ಅರ್ಧ ಕನ್ನಡಿಗರು ಅಲ್ಲೇ ತಗೊಂಡಿದ್ದರು. ಎಲ್ಲ ಮನೆಯೂ ಒಂದೇ ಥರ. ವಾಕಿಂಗ್ ಹೋಗಿ ಬಂದರೆ ನಂಬರ್ ನೋಡಿಕೊಂಡೇ ಒಳಗೆ ಹೋಗಬೇಕು. ನನಗೆ ಮನೆಗಿಂತ ನೆಲ ಬೇಕಿತ್ತು, ಅದೂ ನನ್ನ ಹೆಸರಿಗೆ. ಇಂಗ್ಲಿಷ್ ಮನೆಯ ಹಿಂದೆ ಒಂದೆಕರೆ ಇತ್ತು.

ಈ ಹಟಕ್ಕೆ ಹಳೆಯ ಸಿಟ್ಟೊಂದು ಕಾರಣ. ನಮ್ಮಪ್ಪ ಚನ್ನರಾಯಪಟ್ಟಣದಲ್ಲಿ ಸಿವಿಲ್ ವಕೀಲರು. ಅಣ್ಣಂದಿರಿಬ್ಬರಿಗೂ ಒಂದೊಂದು ಸೈಟು ಬರೆದುಕೊಟ್ಟರು. ನನ್ನ ಸರದಿ ಬಂದಾಗ, ನಿನಗೆ ಇಂಜಿನಿಯರಿಂಗ್ ಓದಿಸಿದ್ದೀನಲ್ಲ ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರು. ಹಾಕಿದೆ ಸಹಿ, ಪೆನ್ನಿನ ಮುಳ್ಳು ಮುರಿಯುವಷ್ಟು ಒತ್ತಿ. ಅಂಗೈಯಗಲವಾದರೂ ಸರಿ, ನನ್ನದು ಅಂತ ಒಂದು ನೆಲ ಮಾಡಿಕೊಂಡೇ ತೀರುತ್ತೇನೆ ಎಂದು ಅವತ್ತೇ ತೀರ್ಮಾನಿಸಿದ್ದೆ.

ವ್ಯಾಪಾರವೆಲ್ಲ ಕುದುರಿದ ಮೇಲೆ ತಕರಾರು ಎದ್ದಿತು. ಮನೆ ಇದ್ದದ್ದು ರಸ್ತೆಯಿಂದ ಒಳಗೆ. ಮುಂದಿನ ಹೊಲ ಕುದುರೆ ಸಾಕುವವನೊಬ್ಬನದು. ಹೊಲದ ಅಂಚಿನಲ್ಲಿ ಮನೆಗೆ ಹೋಗುವ ಮಣ್ಣಿನ ದಾರಿಯೂ ತನ್ನದೇ ಅಂತ ಅವನು ಗೇಟಿಗೆ ಸರಪಳಿ ಬಿಗಿದ. ಮನೆ ಮಾರುತ್ತಿದ್ದ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದೇ ದಾರಿಯಲ್ಲಿ ಓಡಾಡಿದವರು, ಆದರೆ ಅದಕ್ಕೆ ಆಧಾರ ಏನೂ ಇರಲಿಲ್ಲ. ದಾಖಲೆ ಪರಿಶೀಲಿಸುವ ಕಂಪನಿಯವರು ಮನೆಯ ಹಳೆಯ ಪತ್ರಗಳನ್ನೆಲ್ಲ ನೋಡಿ, ದಾರಿಯ ಮಾತೇ ಇಲ್ಲವೆಂದು ಕೈಚೆಲ್ಲಿದರು.

"ಬಿಟ್ಬಿಡು ಕಣೇ. ದಾರಿ ಇಲ್ದಿರೋ ಮನೆಗೆ ಹೆಲಿಕಾಪ್ಟರಲ್ಲಿ ಹೋಗ್ತೀಯಾ?" ಅಂದರು ಇವರು. ಶುಕ್ರವಾರದೊಳಗೆ ಇತ್ಯರ್ಥವಾಗದಿದ್ದರೆ ಸ್ನೊಕ್ವಾಲ್ಮಿಗೇ ಹೋಗುವುದು ಎಂದು ಒಪ್ಪಿಕೊಳ್ಳಬೇಕಾಯಿತು. ಮೈಯೆಲ್ಲ ಉರಿದುಹೋಯಿತು.

ನಾರ್ತ್ ಕ್ರೀಕ್‌ನ ನನ್ನ ಆಫೀಸಿಗೆ ರಜೆ ಹಾಕಿ ಸಿಯಾಟಲ್‌ನ ದಾಖಲೆ ಕಚೇರಿಗೆ ಹೋದೆ. ಹಳೆಯ ಪತ್ರಗಳೆಲ್ಲ ಫಿಲ್ಮಿನ ಸುರುಳಿಯಲ್ಲಿದ್ದವು. ಯಂತ್ರಕ್ಕೆ ಸುತ್ತಿ ಕೈಯಲ್ಲಿ ತಿರುಗಿಸುತ್ತ ಓದಬೇಕು. ಅಜ್ಜಿಯ ಮಾವ, ಅವರಿಗೆ ಮಾರಿದ ಡೈರಿಯವನು, ಅವನಿಗೆ ಮಾರಿದ ಇಂಗ್ಲಿಷಿನವನು ಎಂದು ಒಬ್ಬೊಬ್ಬರನ್ನೇ ಹಿಡಿದು ಹಿಂದಕ್ಕೆ ಹೋದೆ. ಎಲ್ಲದರಲ್ಲೂ ಇಷ್ಟು ಅಡಿ, ಇಷ್ಟು ಡಿಗ್ರಿ, ಅಲ್ಲೊಂದು ಕಬ್ಬಿಣದ ಗೂಟ. ಇದೆಂಥ ಪತ್ರ ಮಾರಾಯ ಅನ್ನಿಸಿತು. ಚಕ್ಕುಬಂದಿಯೇ ಇಲ್ಲ. ನಮ್ಮಲ್ಲಿ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಮನೆ ಅಂತ ನಾಲ್ಕು ದಿಕ್ಕೂ ಬರೆಯದ ಪತ್ರವನ್ನು ಯಾರೂ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪನಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ನಾನೇ. ಒಂದು ಪತ್ರ ಬಾಯಿ ಬಿಡದಿದ್ದರೆ ಅಪ್ಪ ಪಕ್ಕದವನ ಪತ್ರ ತರಿಸುತ್ತಿದ್ದರು. ನಮ್ಮ ಗಡಿಯೇ ಅವನ ಗಡಿಯೂ ಅಲ್ಲವೇ.

ನೆನಪಾದದ್ದೇ ತಡ, ಕುದುರೆಯವನ ಹೊಲದ ಸುರುಳಿಗಳನ್ನು ಕೇಳಿದೆ. ಅದು ನೀವು ಕೊಳ್ಳುತ್ತಿರುವ ಆಸ್ತಿಯಲ್ಲವಲ್ಲ ಎಂದಳು ಅಲ್ಲಿನ ಹುಡುಗಿ. ಅದಕ್ಕೇ ಬೇಕು ಎಂದೆ.

ಸಿಕ್ಕೇಬಿಟ್ಟಿತು. ಹಿಂದೆ ಮನೆ, ಹೊಲ ಎರಡೂ ಇಂಗ್ಲಿಷಿನವನದೇ. ಮೊದಲು ಮಾರಿದ್ದು ಹೊಲವನ್ನು. ಮಾರುವಾಗ ಜಾಣ ಬರೆಸಿದ್ದ: ಹೊಲದ ಪಶ್ಚಿಮದ ಅಂಚಿನ ದಾರಿಯನ್ನು ನನ್ನ ಮನೆಗಾಗಿ ಉಳಿಸಿಕೊಂಡಿದ್ದೇನೆ, ನನ್ನ ನಂತರ ಮನೆ ಯಾರದಾದರೂ ದಾರಿ ಅವರದೇ, ಶಾಶ್ವತವಾಗಿ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಯಂತ್ರದವರು ತಿರುಗಿ ನೋಡಿದರು. ನೋಡಲಿ ಬಿಡಿ, ನನಗೆ ಕುಣಿಯಬೇಕೆನ್ನಿಸುತ್ತಿತ್ತು.

ನಕಲನ್ನು ಕುದುರೆಯವನು ಎರಡು ಸಲ ಓದಿದ. ನಮ್ಮಪ್ಪ ಬೇರೆಯೇ ಹೇಳಿದ್ದ ಎಂದು ಗೊಣಗಿಕೊಂಡು ಸರಪಳಿ ಬಿಚ್ಚಿದ. ಅಜ್ಜಿ ನನ್ನನ್ನು ಉಸಿರುಗಟ್ಟುವ ಹಾಗೆ ತಬ್ಬಿಕೊಂಡರು.

ಇವರಂತೂ ಸೋತವರಂತೆ ಕಾಣಲೇ ಇಲ್ಲ. "ನಿನ್ನ ಹಟದ ಮನೆ, ನಿನ್ನೊಬ್ಬಳ ಹೆಸರಿಗೇ ಇರ್ಲಿ" ಅಂದರು. ಹಾಗಾಗಬೇಕಾದರೆ ಇಲ್ಲಿ ಗಂಡ ತನ್ನ ಹಕ್ಕು ಬಿಟ್ಟೆನೆಂದು ಸಹಿ ಹಾಕಬೇಕು. ನಗುತ್ತಲೇ ಹಾಕಿದರು. ನಾನು ಎದುರಿಗೇ ಕೂತು ಕಣ್ಣು ಮಿಟುಕಿಸದೆ ನೋಡಿದೆ. ಹೊಟ್ಟೆ ತಣ್ಣಗಾಯಿತು.

ಕೀಲಿ ಕೈಗೆ ಬಂದ ದಿನ ಅಂಗಳದಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವರು, ಚಕ್ಕುಬಂದಿ ಓದು ಎಂದರು. ಪತ್ರದಲ್ಲಿ ಎಲ್ಲಿಂದ ಬರಬೇಕು? ಸುತ್ತ ತಿರುಗಿ ನಾನೇ ಹೇಳಿದೆ. ಪೂರ್ವಕ್ಕೆ ದೇವದಾರು ಮರಗಳ ತೋಪು, ಪಶ್ಚಿಮಕ್ಕೆ ಹೊಳೆಯ ಕಡೆಗಿನ ಇಳಿಜಾರು, ಉತ್ತರಕ್ಕೆ ಹುಲ್ಲುಗಾವಲು, ದಕ್ಷಿಣಕ್ಕೆ ಕುದುರೆಯವನ ಹೊಲ.

"ಇವುಗಳ ಮಧ್ಯೆ ಇರೋ ಸ್ವತ್ತು ಯಾರ್ದು?" ಅಪ್ಪ ಕೋರ್ಟಿನ ಗತ್ತಿನಲ್ಲೇ ಕೇಳಿದರು.

ನನ್ನ ಹೆಸರು ಹೇಳಿದೆ.

"ಸರಿಯಾಗಿ ಕೇಳಿಸ್ಲಿಲ್ಲ ಮಗಳೇ, ಇನ್ನೊಂದ್ಸಲ ಹೇಳು."

ಲೈನು ಚೆನ್ನಾಗಿಯೇ ಇತ್ತು. ಇನ್ನೊಂದು ಸಲ ಹೇಳಿದೆ, ಹೊಲದಲ್ಲಿದ್ದ ಕುದುರೆಗಳೂ ತಲೆಯೆತ್ತಿ ನೋಡುವಷ್ಟು ಜೋರಾಗಿ.